ಒಂದು ಮನೆಗೆ ಎರಡು ಮೀಟರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇನ್ನೂ ಕೆಡವಿಸಿಕೊಳ್ಳದೆ ಉಳಿದಿರುವ ಕೆಲವು ಮನೆಗಳ ಜಗುಲಿಯ ಗೋಡೆಯಲ್ಲಿ, ತೇಗದ ಹಲಗೆಯೊಂದಕ್ಕೆ ಅಕ್ಕಪಕ್ಕದಲ್ಲಿ ಬಿಗಿದ ಎರಡು ಕರಿಯ ಮೀಟರುಗಳನ್ನೂ ಅವುಗಳ ಕೆಳಗೆ ಸಾಲಾಗಿ ಕುಳಿತ ಬಿಳಿಯ ಪಿಂಗಾಣಿಯ ಫ್ಯೂಸುಗಳನ್ನೂ ಈಗಲೂ ಕಾಣಬಹುದು. ಒಂದು ಮೀಟರು ದೀಪಕ್ಕೂ ಫ್ಯಾನಿಗೂ. ಮತ್ತೊಂದು ಸ್ನಾನದ ನೀರಿನ ಬಾಯ್ಲರಿಗೂ ವಿದ್ಯುತ್ ಒಲೆಗೂ. ಬೆಳಕಿನ ವಿದ್ಯುತ್ತಿಗೊಂದು ಬೆಲೆ, ಶಾಖದ ವಿದ್ಯುತ್ತಿಗೊಂದು ಬೆಲೆ ಎಂದು ವಿಂಗಡಿಸಿದ್ದ ಕಾಲದ ಸಾಕ್ಷಿಗಳಿವು. ಮುಂದೆ ಎಲ್ಲವನ್ನೂ ಒಂದೇ ಮೀಟರಿಗೆ ಸೇರಿಸುವ ‘ಆಲ್ ಎಲೆಕ್ಟ್ರಿಕ್ ಹೋಮ್’ ಎಂಬ ಏರ್ಪಾಡು ಬಂದು, ಅದರ ಮೊದಲಕ್ಷರಗಳು ಬಿಲ್ಲಿನ ಮೇಲೆ ಎ.ಇ.ಎಚ್. ಎಂದು ಅಚ್ಚಾಗಿ, ಇಂಗ್ಲಿಷಿನ ಗಂಧವಿಲ್ಲದ ಅಜ್ಜಿಯರು ಕೂಡ ‘ನಮ್ಮದು ಎ.ಇ.ಎಚ್. ಲೈನು’ ಎಂದು ತುಸು ಹೆಮ್ಮೆಯಿಂದಲೇ ಹೇಳಿಕೊಳ್ಳುವಂತಾಯಿತು. ಹೀಗೆ ಒಂದಾದ ಮೀಟರು ಈಗ ಮತ್ತೆ ಎರಡಾಗಲು ಹೊರಟಿದೆ. ಈ ಸಲದ ಕಾರಣ ಬಾಯ್ಲರಲ್ಲ, ಕಾರು.

ನಮ್ಮ ಬೀದಿಯಲ್ಲಿಯೇ ಎರಡು ವರ್ಷಗಳೊಳಗೆ ನಾಲ್ಕು ವಿದ್ಯುತ್ ಕಾರುಗಳು ಬಂದು ನಿಂತಿವೆ. ಕೊಂಡ ಹೊಸದರಲ್ಲಿ ಎಲ್ಲರ ಮಾತೂ ‘ಒಂದು ಸಲ ಚಾರ್ಜು ಮಾಡಿದರೆ ಎಷ್ಟು ದೂರ ಹೋಗುತ್ತದೆ’ ಎಂಬುದರ ಸುತ್ತಲೇ ತಿರುಗುತ್ತಿತ್ತು. ಮೂರು ತಿಂಗಳು ಕಳೆದು ಮೂರು ಬಿಲ್ಲುಗಳು ಕೈಸೇರಿದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ನೆರೆಯ ನಿವೃತ್ತ ಪ್ರಾಧ್ಯಾಪಕರು ಬೆಳಗಿನ ವಾಯುವಿಹಾರದಲ್ಲಿ ನನ್ನನ್ನು ತಡೆದು ನಿಲ್ಲಿಸಿ, ‘ಏನ್ ಸ್ವಾಮಿ, ಕಾರಿನ ಮೀಟರಾದರೆ ಯೂನಿಟ್ಟಿಗೆ ನಾಲ್ಕೂವರೆಯಂತೆ, ಮನೆ ಮೀಟರಾದರೆ ಆರು ರೂಪಾಯಿಯಂತೆ, ಗೊತ್ತಿದ್ದೂ ಗೊತ್ತಿದ್ದೂ ನಾನ್ಯಾಕೆ ಆರು ಕೊಡಲಿ?’ ಎಂದು ಕೇಳಿದರು. ತರ್ಕಶಾಸ್ತ್ರವನ್ನು ಮೂವತ್ತು ವರ್ಷ ಬೋಧಿಸಿದವರ ಪ್ರಶ್ನೆ. ಮೇಲ್ನೋಟಕ್ಕೆ ಅದಕ್ಕೆ ಪ್ರತ್ಯುತ್ತರವೇ ಇಲ್ಲವೆಂದು ತೋರುತ್ತದೆ. ಆದರೆ ವಿದ್ಯುತ್ತಿನ ಬಿಲ್ಲು ತರ್ಕಕ್ಕಿಂತ ಗಣಿತಕ್ಕೆ ಹೆಚ್ಚು ವಿಧೇಯವಾದ ವಸ್ತು.

ಮೊದಲು ಕಾನೂನಿನ ಸ್ಥಿತಿಯನ್ನು ಹೇಳಿಬಿಡುತ್ತೇನೆ. ವಾಹನಕ್ಕೆ ಚಾರ್ಜು ಒದಗಿಸುವುದು ಒಂದು ಸೇವೆಯೇ ಹೊರತು ವಿದ್ಯುತ್ತಿನ ಮಾರಾಟವಲ್ಲ, ಅದಕ್ಕೆ ಲೈಸೆನ್ಸು ಬೇಕಿಲ್ಲ ಎಂದು ಕೇಂದ್ರದ ವಿದ್ಯುತ್ ಸಚಿವಾಲಯವು 2018ರ ಏಪ್ರಿಲಿನಲ್ಲಿ ಸ್ಪಷ್ಟಪಡಿಸಿತು. ಆಮೇಲೆ ಬಂದ ಮಾರ್ಗಸೂಚಿಗಳು, ಮನೆಯಲ್ಲಿ ಮಾಡಿಕೊಳ್ಳುವ ಚಾರ್ಜಿಗೆ ಮನೆಯ ದರವೇ ಅನ್ವಯಿಸತಕ್ಕದ್ದೆಂದು ಹೇಳಿದವು. ಅಂದರೆ ಕಾರನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸುವುದು ಅಪರಾಧವಲ್ಲ. ಅಪರಾಧವೆಂಬ ಭಯವಿರುವವರು ನಾವೆಣಿಸುವುದಕ್ಕಿಂತ ಹೆಚ್ಚು ಮಂದಿಯಿದ್ದಾರೆ. 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ಗ್ರಾಹಕರ ಹಕ್ಕುಗಳ ನಿಯಮಗಳು, ಬಯಸಿದವರು ವಾಹನಕ್ಕೆಂದೇ ಪ್ರತ್ಯೇಕ ಸಂಪರ್ಕವನ್ನು ಪಡೆಯಬಹುದೆಂದು ವಿಧಿಸಿದವು. ನಮ್ಮ ರಾಜ್ಯದಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಯೊಳಗೆ ಎಲ್.ಟಿ. 6(ಸಿ) ಎಂಬ ವರ್ಗವಿರುವುದು ವಾಹನಗಳ ಚಾರ್ಜಿಗಾಗಿಯೇ. 2024-25ರಲ್ಲಿ ಅದರ ದರ ಯೂನಿಟ್ಟಿಗೆ 4 ರೂಪಾಯಿ 50 ಪೈಸೆ. ಅದೇ ವರ್ಷ ಗೃಹಬಳಕೆಯ ಹಳೆಯ ಎರಡು ಮೆಟ್ಟಿಲುಗಳನ್ನು ಕಿತ್ತುಹಾಕಿ, ನೂರು ಯೂನಿಟ್ಟಿನ ಒಳಗಿನವರಿಗೂ ಹೊರಗಿನವರಿಗೂ ಏಕರೂಪವಾಗಿ 5 ರೂಪಾಯಿ 90 ಪೈಸೆಯನ್ನು ಆಯೋಗವು ನಿಗದಿಪಡಿಸಿತು. ಪ್ರಾಧ್ಯಾಪಕರ ‘ನಾಲ್ಕೂವರೆ’ ಮತ್ತು ‘ಆರು’ ಬಂದದ್ದು ಇಲ್ಲಿಂದ. ಇವೆರಡರ ನಡುವೆ ಇರುವುದು 1 ರೂಪಾಯಿ 40 ಪೈಸೆ.

ಇನ್ನು ಬಿಲ್ಲಿನ ಕಡೆಗೆ ತಿರುಗೋಣ. ಮೀಟರ್ ರೀಡರ್ ಬಂದು ಗೇಟಿನ ಬಳಿಯಲ್ಲಿ ನಿಂತು ತನ್ನ ಸೊಂಟದ ಯಂತ್ರದಿಂದ ಹರಿದುಕೊಡುವ ಆ ಉದ್ದನೆಯ ನುಣುಪು ಕಾಗದವನ್ನು ನಾವು ಓದುವ ಕ್ರಮ ವಿಚಿತ್ರವಾದುದು: ಕಣ್ಣು ಮೊದಲು ಕಟ್ಟಕಡೆಯ ಮೊತ್ತಕ್ಕೆ ಹಾರುತ್ತದೆ, ಅನಂತರ ಯೂನಿಟ್ಟಿನ ಸಂಖ್ಯೆಗೆ, ಅಲ್ಲಿಗೆ ಓದು ಮುಗಿಯಿತು, ಕಾಗದ ಫ್ರಿಜ್ಜಿನ ಮೇಲಿನ ಅಯಸ್ಕಾಂತದ ಗಣಪತಿಯ ಕೆಳಗೆ ಹೋಗಿ ಸೇರಿಕೊಳ್ಳುತ್ತದೆ. ಆರ್.ಆರ್. ಸಂಖ್ಯೆಯ ಆಸುಪಾಸಿನಲ್ಲಿ ‘ಮಂಜೂರಾದ ಲೋಡ್’ ಎಂದು ಒಂದು ಸಾಲಿರುತ್ತದೆ, 2 ಕಿಲೋವಾಟೋ 3 ಕಿಲೋವಾಟೋ ಎಂದು. ಕೆಳಗೆ ‘ನಿಗದಿತ ಶುಲ್ಕ’ ಎಂದು ಇನ್ನೊಂದು. ಒಂದು ಯೂನಿಟ್ಟನ್ನೂ ಸುಡದೆ ಮನೆಗೆ ಬೀಗ ಹಾಕಿಕೊಂಡು ಕಾಶಿಗೆ ಹೋದರೂ ತೆರಬೇಕಾದ ಹಣವಿದು. 2024-25ರಲ್ಲಿ ಗೃಹಬಳಕೆಗೆ ಇದು ಕಿಲೋವಾಟಿಗೆ ತಿಂಗಳಿಗೆ 120 ರೂಪಾಯಿ ಇದ್ದುದು, 2025ರ ಏಪ್ರಿಲಿನಿಂದ 145ಕ್ಕೆ ಏರಿತು. ಅದೇ ತಿಂಗಳಿನಿಂದ ಯೂನಿಟ್ಟಿನ ದರವನ್ನು 5.90ರಿಂದ 5.80ಕ್ಕೆ ಇಳಿಸಿ, ನಿವೃತ್ತ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು 36 ಪೈಸೆಯ ಬಾಬ್ತೊಂದನ್ನು ಸೇರಿಸಿದರು. ಪತ್ರಿಕೆಗಳ ತಲೆಬರಹಗಳಲ್ಲಿ ಇಳಿದ ಹತ್ತು ಪೈಸೆಗೆ ದೊರೆತ ಗೌರವ, ಏರಿದ ಇಪ್ಪತ್ತೈದು ರೂಪಾಯಿಗೆ ದೊರೆಯಲಿಲ್ಲ. ಎರಡನೆಯ ಮೀಟರಿಗೆ ಅರ್ಜಿ ಕೊಡುವವನು ಕಡಮೆ ದರವನ್ನು ಮಾತ್ರವೇ ಕೊಂಡುಕೊಳ್ಳುವುದಿಲ್ಲ, ಎರಡನೆಯ ನಿಗದಿತ ಶುಲ್ಕವೊಂದನ್ನೂ ಆಜೀವಪರ್ಯಂತ ಕಟ್ಟಿಕೊಳ್ಳುತ್ತಾನೆ.

ಪ್ರಾಧ್ಯಾಪಕರ ಮನೆಯನ್ನೇ ಉದಾಹರಣೆಗೆ ಎತ್ತಿಕೊಳ್ಳೋಣ. ಅವರದು ಎರಡಂತಸ್ತಿನ ದೊಡ್ಡ ಸಂಸಾರ. ತಿಂಗಳಿಗೆ 250 ಯೂನಿಟ್ಟು ಕಾರು ಬರುವುದಕ್ಕೆ ಮುಂಚೆಯೇ ಉರಿಯುತ್ತಿತ್ತು. ಲೋಡ್ 5 ಕಿಲೋವಾಟ್ ಇದ್ದು, ಕಾರಿಗೆ ಸಾಕಾಗುವಷ್ಟು ಅವಕಾಶವಿದೆ. ಅವರ ಕಾರು ತಿಂಗಳಿಗೆ ಸುಮಾರು ಸಾವಿರ ಕಿಲೋಮೀಟರು ಓಡುತ್ತದೆ. ಚಾರ್ಜಿನಲ್ಲಿ ಸೋರಿಹೋಗುವುದನ್ನೂ ಸೇರಿಸಿ ಅದಕ್ಕೆ 150 ಯೂನಿಟ್ಟು ಎಂದಿಟ್ಟುಕೊಳ್ಳಬಹುದು. 2024-25ರ ದರದಲ್ಲಿ, ಮನೆಯ ಮೀಟರಿನಲ್ಲಾದರೆ 150ನ್ನು 5.90ರಿಂದ ಗುಣಿಸಬೇಕು: 885 ರೂಪಾಯಿ. ಪ್ರತ್ಯೇಕ ಮೀಟರಿನಲ್ಲಾದರೆ 150ನ್ನು 4.50ರಿಂದ ಗುಣಿಸಿದಾಗ 675. ಅದಕ್ಕೆ 3 ಕಿಲೋವಾಟಿನ ನಿಗದಿತ ಶುಲ್ಕ ಸೇರಬೇಕು. ಆ ಶುಲ್ಕವನ್ನು ಲೆಕ್ಕದ ಅನುಕೂಲಕ್ಕಾಗಿ ಕಿಲೋವಾಟಿಗೆ 70 ಎಂದು ಹಿಡಿಯುತ್ತೇನೆ (ಓದುಗರು ತಮ್ಮ ವರ್ಷದ ದರಪಟ್ಟಿಯ ಸಂಖ್ಯೆಯನ್ನು ಆ ಸ್ಥಾನದಲ್ಲಿಟ್ಟು ನೋಡತಕ್ಕದ್ದು), ಅಲ್ಲಿಗೆ 210. ಕೂಡಿದರೆ 885. ಅಲ್ಲಿಯೂ 885, ಇಲ್ಲಿಯೂ 885! ನೂರಕ್ಕೆ ಒಂಬತ್ತರಂತೆ ಬೀಳುವ ವಿದ್ಯುತ್ ತೆರಿಗೆಯಲ್ಲಿ ಹತ್ತೊಂಬತ್ತು ರೂಪಾಯಿ ಆಚೀಚೆಯಾದೀತು. ಹೊಸ ಸಂಪರ್ಕಕ್ಕೆ ಕಟ್ಟಬೇಕಾದ ಠೇವಣಿ, ಮೀಟರಿನ ಪೆಟ್ಟಿಗೆ, ಕಂಬದಿಂದ ಎಳೆಯಬೇಕಾದ ಕೇಬಲ್ಲು, ಕಂಟ್ರಾಕ್ಟರನ ಸಂಭಾವನೆ ಇವೆಲ್ಲ ಆ ಹತ್ತೊಂಬತ್ತು ರೂಪಾಯಿಗಳಿಂದ ತೀರುವ ಹೊತ್ತಿಗೆ ಕಾರಿನ ಬ್ಯಾಟರಿಯ ಆಯುಸ್ಸೇ ತೀರಿರುತ್ತದೆ. ತಿಂಗಳಿಗೆ ಎರಡು ಸಾವಿರ ಕಿಲೋಮೀಟರು ಓಡುವವರಾಗಿದ್ದರೆ ಮಾತು ಬೇರೆ. ಅವರಿಗೆ ತಿಂಗಳಿಗೆ ಇನ್ನೂರು ರೂಪಾಯಿಗೆ ಮಿಕ್ಕಿ ಉಳಿದೀತು. ನಮ್ಮ ಪ್ರಾಧ್ಯಾಪಕರು ಈ ಲೆಕ್ಕವನ್ನು ತಾಳ್ಮೆಯಿಂದ ಕೇಳಿ, ‘ಹಾಗಾದರೆ ಒಂದೂ ನಲವತ್ತು ಎಲ್ಲಿಗೆ ಹೋಯಿತು?’ ಎಂದರು. ನಿಗದಿತ ಶುಲ್ಕಕ್ಕೆ ಹೋಯಿತು. ಪೆಟ್ರೋಲಿಗೆ ತಿಂಗಳಿಗೆ ಆರು ಸಾವಿರಕ್ಕೂ ಹೆಚ್ಚು ಸುರಿಯುತ್ತಿದ್ದವರು ಒಂಬೈನೂರು ರೂಪಾಯಿಯ ಬಿಲ್ಲಿನ ಮುಂದೆ ಕುಳಿತು ಹತ್ತೊಂಬತ್ತನ್ನು ಎಣಿಸುವುದರಲ್ಲಿ ಒಂದು ಸೊಗಸಿದೆ. ಅದನ್ನು ನಾನು ಹಳಿಯಲಾರೆ.

ಆದರೆ ಅದೇ ಬೀದಿಯ ತುದಿಯ ಮನೆಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿರುವವರು ಗಂಡಹೆಂಡಿರಿಬ್ಬರೇ. ಮನೆಯ ಖರ್ಚು ತಿಂಗಳಿಗೆ 130 ಯೂನಿಟ್ಟು. 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿಯ ಫಲಾನುಭವಿಗಳಾದುದರಿಂದ ಅವರಿಗೆ ಬರುವುದು ಶೂನ್ಯ ಬಿಲ್ಲು. ಆ ಯೋಜನೆಯ ನಿಬಂಧನೆಯನ್ನು ನೆನಪಿಗೆ ತಂದುಕೊಳ್ಳಬೇಕು: 2022-23ರ ಸರಾಸರಿ ಬಳಕೆಗೆ ನೂರಕ್ಕೆ ಹತ್ತನ್ನು ಸೇರಿಸಿದಷ್ಟು ಉಚಿತ, ಅದನ್ನು ಮೀರಿ 200ರ ಒಳಗಿದ್ದರೆ ಮೀರಿದಷ್ಟಕ್ಕೆ ಮಾತ್ರ ಹಣ, ಆದರೆ 200ನ್ನು ದಾಟಿದ ತಿಂಗಳು ಸಂಪೂರ್ಣ ಬಿಲ್ಲನ್ನು ಕಟ್ಟಬೇಕು. ಈ ಮನೆಯವರು ಕಾರನ್ನು ತಂದು ಜಗುಲಿಯ ಪ್ಲಗ್ಗಿಗೆ ಸಿಕ್ಕಿಸಿದರೆಂದರೆ, 130ಕ್ಕೆ 150 ಸೇರಿ 280 ಆಗುತ್ತದೆ. ಕಾರಿನ ಪಾಲು ಮಾತ್ರವಲ್ಲ, ಅಲ್ಲಿಯವರೆಗೆ ಪುಕ್ಕಟೆಯಾಗಿ ಉರಿಯುತ್ತಿದ್ದ ದೀಪ, ತಿರುಗುತ್ತಿದ್ದ ಮಿಕ್ಸಿ, ಓಡುತ್ತಿದ್ದ ಟಿ.ವಿ. ಎಲ್ಲವೂ ಒಂದೇ ರಾತ್ರಿಯಲ್ಲಿ ಹಣ ಕೇಳತೊಡಗುತ್ತವೆ. ಅದೇ 2024-25ರ ದರದಲ್ಲಿ 280 ಯೂನಿಟ್ಟಿಗೆ 1,652. ಮೂರು ಕಿಲೋವಾಟಿನ ನಿಗದಿತ ಶುಲ್ಕ 360. ತೆರಿಗೆ ಸುಮಾರು 149. ಒಟ್ಟು 2,160ರ ಮೇಲೆ. ಪ್ರತ್ಯೇಕ ಮೀಟರು ಹಾಕಿಸಿಕೊಂಡರೋ, ಮನೆಯ ಬಿಲ್ಲು ಮೊದಲಿನಂತೆ ಶೂನ್ಯ; ಕಾರಿನ ಬಿಲ್ಲು ತೆರಿಗೆಯನ್ನು ಸೇರಿಸಿದರೂ ಸಾವಿರದ ಒಳಗೆ. ತಿಂಗಳಿಗೆ ಸಾವಿರದ ಇನ್ನೂರು, ವರ್ಷಕ್ಕೆ ಹದಿನಾಲ್ಕು ಸಾವಿರ! ಈ ಉಳಿತಾಯದಲ್ಲಿ ನಾಲ್ಕೂವರೆ ರೂಪಾಯಿಯ ದರದ ಪಾತ್ರ ತೀರ ಅಲ್ಪ. ಎರಡನೆಯ ಮೀಟರು ಕಾರಿನ ವಿದ್ಯುತ್ತನ್ನು ಅಗ್ಗ ಮಾಡುವುದಕ್ಕಿಂತ ಹೆಚ್ಚಾಗಿ ಮನೆಯ ವಿದ್ಯುತ್ತನ್ನು ಕಾರಿನ ಸಹವಾಸದಿಂದ ಕಾಪಾಡುತ್ತದೆ. ಚಾರ್ಜಿಂಗಿನ ದರವನ್ನು ಕುರಿತು ನಡೆಯುವ ನಮ್ಮ ಚರ್ಚೆಗಳೆಲ್ಲ ಪೈಸೆಗಳ ಅಂತರದ ಮೇಲೆಯೇ ನಿಂತುಬಿಟ್ಟು, ಇರುವ ಸೌಲಭ್ಯವೊಂದು ಕೈತಪ್ಪುವ ಈ ದೊಡ್ಡ ಸಂಗತಿಯನ್ನು ಹಾದುಹೋಗುತ್ತವೆ ಎಂಬುದೇ ನನ್ನ ತಕರಾರು.

ಮೂರನೆಯ ಬಗೆಯ ಮನೆಯೂ ಉಂಟು: ಗೃಹಜ್ಯೋತಿಯಿಲ್ಲ, ಲೋಡ್ ಎರಡು ಮೂರು ಕಿಲೋವಾಟ್ ಮಾತ್ರ. ಇವರು ಕಾರಿಗಾಗಿ ಮನೆಯ ಲೋಡನ್ನು ಮೂರು ಕಿಲೋವಾಟಿನಷ್ಟು ಏರಿಸಿಕೊಂಡರೆ, ಅದೇ 2024-25ರ ದರದಲ್ಲಿ ಕಿಲೋವಾಟಿಗೆ 120ರಂತೆ 360 ರೂಪಾಯಿ ತಿಂಗಳಿಗೆ ಹೆಚ್ಚುತ್ತದೆ. ಪ್ರತ್ಯೇಕ ಮೀಟರಿನ 210ಕ್ಕಿಂತ ಇದು ದುಬಾರಿ. ಏರಿಸದೆಯೇ ನಡೆಸುತ್ತೇನೆಂಬ ಧೈರ್ಯ ಮಾಡುವವರಿಗೆ ಒಂದು ಮಾತು: ಇಂದಿನ ಎಲೆಕ್ಟ್ರಾನಿಕ್ ಮೀಟರು ಯೂನಿಟ್ಟುಗಳನ್ನು ಎಣಿಸುವುದರ ಜೊತೆಗೆ ಯಾವ ಘಳಿಗೆಯಲ್ಲಿ ಎಷ್ಟು ಎಳೆದಿರೆಂಬ ಗರಿಷ್ಠ ಬೇಡಿಕೆಯನ್ನೂ ಬರೆದಿಟ್ಟುಕೊಳ್ಳುತ್ತದೆ. ಬೆಳಗಿನ ಆರು ಗಂಟೆಗೆ ಗೀಸರೂ ಕಾರೂ ಕೂಡಿ ಎಳೆದರೆ ಅದರ ಗಮನಕ್ಕೆ ಬಾರದೆ ಹೋಗುವುದಿಲ್ಲ.

ಈ ಸಂದರ್ಭದಲ್ಲಿ ಗೋಡೆಯ ಮೇಲೆ ಕೂರಿಸುವ ದೊಡ್ಡ ಚಾರ್ಜರಿನ ವಿಷಯ ಬರುತ್ತದೆ. ಕಾರಿನ ಜೊತೆಯಲ್ಲಿ ಅಂಗಡಿಯವರು ಉತ್ಸಾಹದಿಂದ ಕೊಡುವ ಏಳು ಕಿಲೋವಾಟಿನ ಪೆಟ್ಟಿಗೆ ನೋಡಲು ಚೆಲುವಾಗಿದೆ. ಆದರೆ ಅದು ಲೋಡನ್ನು ಏಳೆಂಟು ಕಿಲೋವಾಟಿಗೆ ಏರಿಸಿ, ಮೂರು ಫೇಸಿನ ಸಂಪರ್ಕವನ್ನೂ ಬೇಡಬಹುದು, ನಿಗದಿತ ಶುಲ್ಕವನ್ನಂತೂ ಇಮ್ಮಡಿಗೊಳಿಸುತ್ತದೆ. ಗೀಸರಿನ 15 ಆಂಪಿಯರಿನ ಸಾಧಾರಣ ಪ್ಲಗ್ಗು ಸುಮಾರು ಮೂರು ಕಿಲೋವಾಟನ್ನು ಕೊಡಬಲ್ಲುದು. ರಾತ್ರಿಯ ಎಂಟು ಗಂಟೆಗಳಲ್ಲಿ ಇಪ್ಪತ್ತನಾಲ್ಕು ಯೂನಿಟ್ಟು, ಎಂದರೆ ನೂರೈವತ್ತು ಕಿಲೋಮೀಟರಿಗೆ ಸಾಕಾಗುವಷ್ಟು. ದಿನಕ್ಕೆ ಮೂವತ್ತೈದು ಕಿಲೋಮೀಟರು ಓಡುವವನಿಗೆ ಎರಡು ಗಂಟೆ ಸಾಕು. ಉಳಿದ ಆರು ಗಂಟೆ ಕಾರು ಯಜಮಾನನಂತೆಯೇ ನಿದ್ರಿಸಬಹುದು. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು, ಸೀಸದ ಬ್ಯಾಟರಿಗಳನ್ನು ಹೊತ್ತುಕೊಂಡು, ಇಂತಹದೇ 15 ಆಂಪಿಯರಿನ ಪ್ಲಗ್ಗಿನಿಂದ ಹೊಟ್ಟೆ ಹೊರೆದುಕೊಳ್ಳುತ್ತಿತ್ತು.

ಪ್ಲಗ್ಗು ಸಾಧಾರಣವಾದರೂ ಅದರ ಹಿಂದಿನ ತಂತಿ ಸಾಧಾರಣವಾಗಿರಬಾರದು. ತುದಿಮನೆಯವರು ಹೊಸ ಕಾರನ್ನು ಮನೆಗೆ ತಂದ ಸಂಜೆ, ಆರತಿ ಎತ್ತಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ, ಪ್ಲಗ್ಗು ಸಿಕ್ಕಿಸಿದರೆ ಕಾರು ಕೆಂಪು ದೀಪ ತೋರಿಸಿ ಸುಮ್ಮನೆ ನಿಂತಿತು. ಮಾರನೆಯ ಬೆಳಗ್ಗೆ ಬಂದ ಎಲೆಕ್ಟ್ರೀಷಿಯನ್ ಹುಡುಗ ಟೆಸ್ಟರನ್ನು ಎರಡು ಕಡೆ ಇಟ್ಟು ನೋಡಿ, ‘ಸಾರ್, ಅರ್ಥಿಂಗೇ ಇಲ್ಲ. ಗೀಸರ್ ಆದ್ರೆ ಹೇಗೋ ತಗೊಳತ್ತೆ, ಕಾರು ತಗೊಳಲ್ಲ’ ಎಂದ. ಹಿತ್ತಿಲ ಮೂಲೆಯಲ್ಲಿ, ಮನೆ ಕಟ್ಟಿದಂದಿನಿಂದ ಯಾರೂ ತೆರೆಯದಿದ್ದ ಅರ್ಥ್ ಪಿಟ್ಟಿನ ಕಲ್ಲನ್ನು ಎಬ್ಬಿಸಿದರು. ಒಳಗೆ ಒಣಮಣ್ಣು, ತುಕ್ಕು ತಿಂದು ತುಂಡಾದ ತಂತಿ. ಹೊಸ ಗುಂಡಿ ತೋಡಿ, ಇದ್ದಿಲು ಉಪ್ಪುಗಳನ್ನು ಪದರಪದರವಾಗಿ ಹಾಕಿ, ನೀರುಣಿಸಿ, ಬೋರ್ಡಿನಿಂದ ಪ್ರತ್ಯೇಕ ದಪ್ಪ ತಂತಿಯನ್ನೂ ಸೋರಿಕೆಯನ್ನು ಕಂಡೊಡನೆ ಕಡಿಯುವ ಆರ್.ಸಿ.ಸಿ.ಬಿ.ಯನ್ನೂ ಕೂರಿಸಿದ ಮೇಲೆಯೇ ಹಸಿರು ದೀಪ ಬಂತು. ಅಂದಿನಿಂದ ಆ ಮನೆಯಾಕೆ ಬೇಸಗೆಯಲ್ಲಿ ತುಳಸಿಗೆ ನೀರೆರೆದ ಕೈಯಲ್ಲಿಯೇ ಅರ್ಥ್ ಪಿಟ್ಟಿಗೂ ಒಂದು ಚೊಂಬು ಹಾಕುತ್ತಾರೆ. ದರದ ಲೆಕ್ಕದಲ್ಲಿ ಈ ವೆಚ್ಚವನ್ನು ಯಾರೂ ಬರೆದುಕೊಳ್ಳುವುದಿಲ್ಲ, ಬರೆದುಕೊಳ್ಳತಕ್ಕದ್ದು.

ಇದೇ ಪ್ರಶ್ನೆ ಇಂಗ್ಲೆಂಡಿನಲ್ಲಿ ಬೇರೆಯೇ ವೇಷ ತೊಟ್ಟಿದೆ. ಅಲ್ಲಿ ಮನೆಯವನು ತನಗೆ ವಿದ್ಯುತ್ತು ಮಾರುವ ಕಂಪನಿಯನ್ನೇ ಆರಿಸಿಕೊಳ್ಳಬಹುದು; ಮತ್ತು ಅಲ್ಲಿ ಅಗ್ಗವಾಗಿರುವುದು ಮೀಟರಲ್ಲ, ಹೊತ್ತು. 1978ರಲ್ಲಿ ಆರಂಭವಾದ ‘ಎಕಾನಮಿ ಸೆವೆನ್’ ಎಂಬ ದರದಲ್ಲಿ ರಾತ್ರಿಯ ಏಳು ಗಂಟೆಗಳ ಕಾಲ ವಿದ್ಯುತ್ತು ಕಡಮೆ ಬೆಲೆಗೆ ದೊರೆಯುತ್ತಿತ್ತು. ಹಗಲಿರುಳೂ ನಿಲ್ಲದೆ ನಡೆಯಬೇಕಾದ ಸ್ಥಾವರಗಳ ವಿದ್ಯುತ್ತಿಗೆ ಊರು ಮಲಗಿದ ವೇಳೆಯಲ್ಲಿ ಗಿರಾಕಿ ಬೇಕಾಗಿತ್ತು. ಜನರು ಆ ಅಗ್ಗದ ವಿದ್ಯುತ್ತಿನಿಂದ ಇಟ್ಟಿಗೆ ತುಂಬಿದ ಹೀಟರುಗಳನ್ನು ರಾತ್ರಿ ಕಾಯಿಸಿಟ್ಟು ಹಗಲು ಚಳಿ ಕಾಯಿಸಿಕೊಳ್ಳುತ್ತಿದ್ದರು. ಲಕ್ಷಾಂತರ ಮನೆಗಳ ಮೀಟರುಗಳಿಗೆ ‘ಈಗ ಅಗ್ಗದ ಹೊತ್ತು’ ಎಂಬ ಸನ್ನೆಯನ್ನು ಕೊಡುತ್ತಿದ್ದುದು, ನಂಬಿದರೆ ನಂಬಿ, ಬಿ.ಬಿ.ಸಿ. ರೇಡಿಯೋದ 198 ಕಿಲೋಹರ್ಟ್ಸಿನ ದೀರ್ಘತರಂಗ; ವಾರ್ತೆಯನ್ನೂ ನಾಟಕವನ್ನೂ ಹೊತ್ತು ತರುವ ಅಲೆಯಲ್ಲಿಯೇ ಕಿವಿಗೆ ಕೇಳದ ಸಂಕೇತವೊಂದು ಅಡಗಿ ಬಂದು ಮೆಟ್ಟಿಲ ಕೆಳಗಿನ ಪೆಟ್ಟಿಗೆಯ ಸ್ವಿಚ್ಚನ್ನು ತಿರುಗಿಸುತ್ತಿತ್ತು. 2025ರ ಜೂನ್ 30ರಿಂದ ಆ ವ್ಯವಸ್ಥೆಯನ್ನು ಹಂತಹಂತವಾಗಿ ಮುಚ್ಚತೊಡಗಿದ್ದಾರೆ. ಹೀಟರಿನ ಸ್ಥಾನಕ್ಕೆ ಈಗ ಕಾರು ಬಂದಿದೆ, ರೇಡಿಯೋದ ಸ್ಥಾನಕ್ಕೆ ಸ್ಮಾರ್ಟ್ ಮೀಟರು. ಮಧ್ಯರಾತ್ರಿಯ ಐದಾರು ಗಂಟೆಗಳಲ್ಲಿ ಹಗಲಿನ ದರದ ಮೂರನೆಯ ಒಂದು ಪಾಲಿಗೂ ಇಳಿಯುವ ದರಗಳನ್ನು ಕಾರಿನವರಿಗೆಂದೇ ಕಂಪನಿಗಳು ಕೊಡುತ್ತವೆ. ಹಾಗೆ ಎಲ್ಲರ ಕಾರುಗಳೂ ಒಂದೇ ಕ್ಷಣದಲ್ಲಿ ಎದ್ದು ವಿದ್ಯುತ್ತಿಗೆ ಬಾಯಿ ಹಾಕಿದರೆ ಜಾಲ ತತ್ತರಿಸೀತೆಂದು, 2022ರ ಜೂನಿನಿಂದ ಅಲ್ಲಿ ಮಾರುವ ಮನೆಯ ಚಾರ್ಜರುಗಳೆಲ್ಲ ಹತ್ತು ನಿಮಿಷದೊಳಗಿನ ಯಾವುದೋ ಒಂದು ಅನಿಯತ ವಿಳಂಬದ ಅನಂತರವೇ ಕೆಲಸಕ್ಕೆ ತೊಡಗಬೇಕೆಂದು ಕಾನೂನು ಮಾಡಿದ್ದಾರೆ. ನಮ್ಮ ರೇವಾ ‘ಜಿ-ವಿಜ್’ ಎಂಬ ಹೆಸರಿನಿಂದ ಲಂಡನ್ನಿನ ಬೀದಿಗಳಲ್ಲಿ ಓಡಾಡಿದ ಕಾಲಕ್ಕೆ ಈ ಉಪಚಾರಗಳಾವುವೂ ಇರಲಿಲ್ಲ.

ಅಲ್ಲಿಯ ರಾತ್ರಿಯ ಪಾಠವನ್ನು ನಾವು ಹಾಗೆಯೇ ಇಲ್ಲಿಗೆ ತಂದರೆ ಮೋಸಹೋದೇವು. 1902ರಲ್ಲಿ ಶಿವನಸಮುದ್ರದ ನೀರು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತಾಗಿ ಹರಿದಂದಿನಿಂದ, ಶರಾವತಿಯ ಕಾಲವೆಲ್ಲ ಕಳೆಯುವವರೆಗೆ, ಈ ನಾಡಿನ ವಿದ್ಯುತ್ತೆಂದರೆ ಬಹುಮಟ್ಟಿಗೆ ಮಳೆಯ ನೀರು. ಅದಕ್ಕೆ ಹಗಲು ರಾತ್ರಿಗಳ ಭೇದವಿರಲಿಲ್ಲ, ಮಳೆಗಾಲ ಬೇಸಗೆಗಳ ಭೇದವಿತ್ತು. ಈಗ ಪಾವಗಡದ ಹದಿಮೂರು ಸಾವಿರ ಎಕರೆಯಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ನೆಲದ ಮೇಲೆ, 2,050 ಮೆಗಾವಾಟಿನ ಸೌರಫಲಕಗಳು ಸೂರ್ಯನಿಗೆ ಮುಖವೊಡ್ಡಿ ಮಲಗಿವೆ. ನಮ್ಮಲ್ಲಿ ಹೇರಳವಾಗಿರುವುದು ನಟ್ಟನಡು ಹಗಲಿನ ವಿದ್ಯುತ್ತು. ಆದ್ದರಿಂದಲೇ 2023ರ ಜೂನಿನ ಕೇಂದ್ರದ ನಿಯಮವು, ಸೌರವೇಳೆಯ ಎಂಟು ಗಂಟೆಗಳಲ್ಲಿ ಸಾಮಾನ್ಯ ದರಕ್ಕಿಂತ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಕಡಮೆಯೂ, ಬೇಡಿಕೆ ಏರುವ ವೇಳೆಯಲ್ಲಿ ಅಷ್ಟೇ ಹೆಚ್ಚೂ ಇರುವ ದರವನ್ನು, ಕೃಷಿಕರನ್ನು ಬಿಟ್ಟು ಉಳಿದ ಗ್ರಾಹಕರಿಗೆ 2025ರ ಏಪ್ರಿಲಿನಿಂದ ಅನ್ವಯಿಸಬೇಕೆಂದು ಹೇಳಿದೆ. ಅದಕ್ಕೆ ಸ್ಮಾರ್ಟ್ ಮೀಟರು ಬೇಕು, ನಮ್ಮ ಬೀದಿಯ ಬಿಲ್ಲುಗಳಲ್ಲಿ ಅದರ ಸುಳಿವು ಇನ್ನೂ ಕಂಡಿಲ್ಲ. ಕಂಡ ದಿನ ಒಂದು ವಿಪರ್ಯಾಸ ಎದುರಾಗುತ್ತದೆ: ವಿದ್ಯುತ್ತು ಅಗ್ಗವಾಗಿರುವ ಹೊತ್ತಿನಲ್ಲಿ ನೌಕರಿಯವರ ಕಾರು ಕಚೇರಿಯ ಮರದ ಕೆಳಗಿರುತ್ತದೆ, ಮನೆಗೆ ಬಂದು ಪ್ಲಗ್ಗು ಸಿಕ್ಕಿಸುವ ಸಂಜೆ ಏಳು ಗಂಟೆಗೆ ವಿದ್ಯುತ್ತು ಅತ್ಯಂತ ದುಬಾರಿಯಾಗಿರುತ್ತದೆ. ನಿವೃತ್ತರಿಗೂ ಮನೆಯಿಂದಲೇ ಕೆಲಸ ಮಾಡುವವರಿಗೂ ಆ ದರ ವರವಾದೀತು. ಸ್ವಂತ ಮಾಳಿಗೆಯುಳ್ಳವರಾದರೆ, ಪ್ರತಿ ಕಿಲೋವಾಟ್ ಸೌರಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ಕೊಡುವುದರಿಂದ, ಒಂದೂವರೆ ಕಿಲೋವಾಟು ಒಂದು ಕಾರನ್ನು ಸಾಕಬಲ್ಲುದು. ಮೂರು ಕಿಲೋವಾಟಿಗೆ ಕೇಂದ್ರದ ಸಹಾಯಧನ 78,000 ರೂಪಾಯಿ ಉಂಟು.

ಅಪಾರ್ಟ್‌ಮೆಂಟುಗಳಲ್ಲಿರುವವರ ಕಥೆ ಬೇರೆ. ಅಲ್ಲಿ ಪ್ರಶ್ನೆ ದರದ್ದಲ್ಲ, ನೆಲಮಾಳಿಗೆಯ ಗೋಡೆ ಯಾರದು ಎಂಬುದು. ಅದು ಸಂಘದ ಸಭೆಯಲ್ಲಿ ತೀರ್ಮಾನವಾಗತಕ್ಕ ವಿಷಯ, ಬಹುಶಃ ಮೂರನೆಯ ಸಭೆಯಲ್ಲಿ. ಮನೆಯಲ್ಲಿ ಪ್ಲಗ್ಗೇ ಇಲ್ಲದೆ ಸಾರ್ವಜನಿಕ ವೇಗದ ಚಾರ್ಜರುಗಳನ್ನೇ ನೆಚ್ಚಿದವರು, ನೂರಕ್ಕೆ ಹದಿನೆಂಟರ ಜಿ.ಎಸ್.ಟಿ.ಯೂ ಸೇರಿ, ಮನೆಯ ದರದ ಮೂರು ಪಟ್ಟನ್ನೋ ಅದಕ್ಕೂ ಹೆಚ್ಚನ್ನೋ ತೆರುತ್ತಾರೆ. ಅವರ ಮುಂದೆ ಎಲ್.ಟಿ. 6(ಸಿ)ಯ ಮಾತನ್ನಾಡುವುದು ಒಳ್ಳೆಯದಲ್ಲ.

ಪ್ರಾಧ್ಯಾಪಕರು ಎರಡನೆಯ ಮೀಟರಿನ ಅರ್ಜಿಯನ್ನು ಹರಿದು ಹಾಕಿದರು, ತುದಿಮನೆಯವರು ಹಾಕಿಸಿಕೊಂಡರು. ಕಾರು ಕೊಳ್ಳಬೇಕೆಂದಿರುವ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ಅಂಗಡಿಗೆ ಹೋಗುವ ಮುನ್ನ ಫ್ರಿಜ್ಜಿನ ಮೇಲಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಕೆಳಗಿಳಿಸಿ, ಪ್ರತಿ ತಿಂಗಳ ಯೂನಿಟ್ಟು, ಮಂಜೂರಾದ ಲೋಡ್, ನಿಗದಿತ ಶುಲ್ಕ ಈ ಮೂರನ್ನು ನೋಟುಪುಸ್ತಕವೊಂದಕ್ಕೆ ಪೆನ್ನಿನಿಂದ ಬರೆದುಕೊಳ್ಳಿ. ಆ ನುಣುಪು ಕಾಗದದ ಅಕ್ಷರಗಳು ಆರು ತಿಂಗಳಲ್ಲಿ ಮಾಸಿಹೋಗುತ್ತವೆ.